ಗಡಿಯಿಲ್ಲದ ಕಳವು, ಗಡಿಯುಳ್ಳ ಕಾನೂನು

1986ನೆಯ ಇಸವಿಯ ಆಗಸ್ಟ್ ತಿಂಗಳು. ಅಮೆರಿಕಾ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾದಲ್ಲಿರುವ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಗಣಕಯಂತ್ರ ವಿಭಾಗಕ್ಕೆ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳ ವಿಜ್ಞಾನಿಯೊಬ್ಬರು ಹೊಸದಾಗಿ ಬಂದು ಸೇರಿದ್ದರು. ಆ ಕಾಲದಲ್ಲಿ ಅಲ್ಲಿನ ಗಣಕಯಂತ್ರವನ್ನು ಬಳಸುವವರೆಲ್ಲರೂ ತಾವು ಬಳಸಿದ ಹೊತ್ತಿಗೆ ತಕ್ಕಂತೆ ಬಾಡಿಗೆ ತೆರಬೇಕಾಗಿದ್ದಿತು. ಆ ತಿಂಗಳ ಲೆಕ್ಕದಲ್ಲಿ 75 ಸೆಂಟುಗಳು, ಎಂದರೆ ಮುಕ್ಕಾಲು ಡಾಲರು, ತಾಳೆಯಾಗಲಿಲ್ಲ. ಹೊಸಬರ ಕೈ ಪಳಗಲಿ ಎಂದು ಮೇಲಧಿಕಾರಿಗಳು ಈ ಸಣ್ಣ ತಪ್ಪನ್ನು ಹುಡುಕುವ ಕೆಲಸವನ್ನು ಸ್ಟೋಲರಿಗೆ ಒಪ್ಪಿಸಿದರು. ಬೇರೆ ಯಾರಾದರೂ ಆಗಿದ್ದರೆ ಮುಕ್ಕಾಲು ಡಾಲರನ್ನು ತಮ್ಮ ಜೇಬಿನಿಂದಲೇ ಹಾಕಿ ಲೆಕ್ಕ ಮುಗಿಸಿಬಿಡುತ್ತಿದ್ದರೇನೋ. ಸ್ಟೋಲರು ಹಾಗೆ ಮಾಡಲಿಲ್ಲ. ಲೆಕ್ಕದಲ್ಲಿ ತಪ್ಪಿಲ್ಲವೆಂದೂ, ಹೆಸರು ವಿಳಾಸಗಳಿಲ್ಲದ ಯಾವನೋ ಒಬ್ಬನು ಪ್ರಯೋಗಾಲಯದ ಯಂತ್ರದೊಳಕ್ಕೆ ಕಳ್ಳತನದಿಂದ ನುಸುಳಿ ಕೆಲವು ಕ್ಷಣಗಳ ಕಾಲ ಅದನ್ನು ಬಳಸಿದ್ದಾನೆಂದೂ ಅವರು ಕಂಡುಕೊಂಡರು.

ಅವನು ಮತ್ತೆ ಮತ್ತೆ ಬಂದನು. ಬರ್ಕ್ಲಿಯ ಯಂತ್ರವು ಅವನಿಗೆ ಒಂದು ಮೆಟ್ಟಿಲು ಮಾತ್ರವಾಗಿತ್ತು. ಅಲ್ಲಿಂದ ಅವನು ಅಮೆರಿಕೆಯ ಸೈನಿಕ ನೆಲೆಗಳ ಗಣಕಯಂತ್ರಗಳ ಬಾಗಿಲುಗಳನ್ನು ತಟ್ಟಿ ನೋಡುತ್ತಿದ್ದನು. ಸ್ಟೋಲರು ಅವನ ಪ್ರತಿಯೊಂದು ಅಕ್ಷರವೂ ಕಾಗದದ ಮೇಲೆ ಅಚ್ಚಾಗುವಂತೆ ಏರ್ಪಾಡು ಮಾಡಿ, ತಂತಿಯ ಜಾಡು ಹಿಡಿದು ಹಿಂದಕ್ಕೆ ನಡೆದರು. ಜಾಡು ಅಮೆರಿಕೆಯನ್ನು ಅಡ್ಡಹಾಯ್ದು, ಅಟ್ಲಾಂಟಿಕ್ ಸಾಗರವನ್ನು ದಾಟಿ, ಅಂದಿನ ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಿ ನಿಂತಿತು. ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆ ಇಡುವುದೂ ಕಷ್ಟವಾಯಿತು. ಅಲ್ಲಿನ ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ಹಳೆಯ ಕಾಲದ ಯಂತ್ರಗಳಿದ್ದವು. ಕರೆ ಯಾವ ಮನೆಯಿಂದ ಬರುತ್ತಿದೆಯೆಂದು ತಿಳಿಯಬೇಕಾದರೆ, ಕರೆ ನಡೆಯುತ್ತಿರುವಾಗಲೇ ನೌಕರನೊಬ್ಬನು ಕೇಂದ್ರಕ್ಕೆ ಹೋಗಿ ತಂತಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕಾಗಿತ್ತು. ಹಾಗೆ ಪರೀಕ್ಷಿಸಲು ಜರ್ಮನ್ ಅಧಿಕಾರಿಗಳ ಅಪ್ಪಣೆ ಬೇಕು. ಅಪ್ಪಣೆಗೆ ಅಮೆರಿಕಾ ಸರ್ಕಾರದ ಅಧಿಕೃತ ವಿನಂತಿ ಬೇಕು. ಮುಕ್ಕಾಲು ಡಾಲರಿನ ನಷ್ಟಕ್ಕಾಗಿ ಅಂತಹ ವಿನಂತಿಯನ್ನು ಬರೆಯುವ ಅಧಿಕಾರಿ ಅಮೆರಿಕೆಯಲ್ಲಿ ಬೇಗನೆ ಸಿಕ್ಕಲಿಲ್ಲ. ಕೊನೆಗೆ ಸ್ಟೋಲರು ರಕ್ಷಣಾ ಯೋಜನೆಯ ಗುಟ್ಟುಗಳೆಂದು ತೋರುವ ಸುಳ್ಳು ಕಡತಗಳನ್ನು ತಾವೇ ಸೃಷ್ಟಿಸಿ ಗಣಕಯಂತ್ರದಲ್ಲಿ ಇರಿಸಿದರು. ಅವನ್ನು ಓದುವ ಆಸೆಯಿಂದ ಕಳ್ಳನು ಬಹಳ ಹೊತ್ತು ನಿಂತನು. ಅಷ್ಟರಲ್ಲಿ ಹ್ಯಾನೋವರಿನ ತಂತಿ ಸಿಕ್ಕಿಬಿದ್ದಿತು. ಅವನೂ ಅವನ ಸಂಗಡಿಗರೂ ಕದ್ದ ಮಾಹಿತಿಯನ್ನು ಸೋವಿಯೆತ್ ಗೂಢಚಾರ ಸಂಸ್ಥೆಗೆ ಮಾರುತ್ತಿದ್ದರೆಂಬುದು ಆಮೇಲೆ ಹೊರಬಿದ್ದಿತು. 1990ರಲ್ಲಿ ಜರ್ಮನ್ ನ್ಯಾಯಾಲಯವು ಅವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು.

ಈ ಪ್ರಸಂಗದಲ್ಲಿ ಒಂದು ವಿಷಯವನ್ನು ನಾವು ಗಮನಿಸಬೇಕು. ಕಳ್ಳನು ಹ್ಯಾನೋವರಿನಿಂದ ಕ್ಯಾಲಿಫೋರ್ನಿಯಾಕ್ಕೆ ಬರಲು ತೆಗೆದುಕೊಂಡ ಕಾಲವು ಕ್ಷಣಮಾತ್ರ. ಕಾನೂನು ಕ್ಯಾಲಿಫೋರ್ನಿಯಾದಿಂದ ಹ್ಯಾನೋವರಿಗೆ ಹೋಗಲು ತೆಗೆದುಕೊಂಡ ಕಾಲವು ಹತ್ತಿರ ಹತ್ತಿರ ಒಂದು ವರ್ಷ.

ಕಾನೂನಿಗೆ ಈ ನಿಧಾನವೇಕೆ? ಪ್ರತಿಯೊಂದು ರಾಷ್ಟ್ರದ ಕಾನೂನೂ ಆ ರಾಷ್ಟ್ರದ ಗಡಿಯೊಳಗೆ ಮಾತ್ರ ಆಳುತ್ತದೆ. ಒಂದು ದೇಶದ ಪೊಲೀಸರು ಇನ್ನೊಂದು ದೇಶದ ನೆಲದ ಮೇಲೆ ಕಾಲಿಟ್ಟು ಯಾರನ್ನೂ ಹಿಡಿಯುವಂತಿಲ್ಲ, ಯಾರ ಮನೆಯನ್ನೂ ಶೋಧಿಸುವಂತಿಲ್ಲ. ಇದನ್ನೇ ಸಾರ್ವಭೌಮತ್ವವೆನ್ನುತ್ತಾರೆ. ನಮ್ಮವರಿಗೆ ಇಂತಹ ಗಡಿಯ ಅನುಭವ ಹೊಸದಲ್ಲ. 1881ರಿಂದ 1947ರವರೆಗೆ ಬೆಂಗಳೂರು ಒಂದೇ ಊರಾಗಿ ಕಂಡರೂ ಆಡಳಿತದಲ್ಲಿ ಎರಡಾಗಿದ್ದಿತು. ಪೇಟೆಯು ಮೈಸೂರು ಮಹಾರಾಜರ ಸರ್ಕಾರಕ್ಕೆ ಸೇರಿದ್ದರೆ, ದಂಡುಪ್ರದೇಶದ ಪೊಲೀಸು, ನ್ಯಾಯಾಲಯಗಳೆಲ್ಲ ಬ್ರಿಟಿಷ್ ರೆಸಿಡೆಂಟರ ಕೈಕೆಳಗಿದ್ದವು. ಪೇಟೆಯಲ್ಲಿ ಕದ್ದವನು ಒಂದೆರಡು ಮೈಲಿ ನಡೆದು ದಂಡನ್ನು ಸೇರಿಕೊಂಡರೆ, ಕಾನೂನಿನ ದೃಷ್ಟಿಯಲ್ಲಿ ಅವನು ಬೇರೊಂದು ಆಡಳಿತದ ನೆರಳಿಗೆ ಹೋದಂತೆಯೇ ಆಗುತ್ತಿತ್ತು. ಆದರೆ ಅಂದಿನ ಕಳ್ಳನು ಕಾಲಿನಿಂದ ನಡೆಯುತ್ತಿದ್ದನು; ಅವನನ್ನು ಕಂಡವರಿರುತ್ತಿದ್ದರು; ಕದ್ದ ಮಾಲಿಗೆ ತೂಕವಿರುತ್ತಿತ್ತು. ಇಂದಿನ ಸೈಬರ್ ಕಳ್ಳನಿಗೆ ಇವು ಯಾವುವೂ ಇಲ್ಲ. ಅವನು ಒಂದು ದೇಶದಲ್ಲಿ ಕುಳಿತು, ಎರಡನೆಯ ದೇಶದ ಯಂತ್ರದ ಮೂಲಕ, ಮೂರನೆಯ ದೇಶದವನ ಹಣವನ್ನು ನಾಲ್ಕನೆಯ ದೇಶದ ಬ್ಯಾಂಕಿಗೆ ಸಾಗಿಸಬಲ್ಲನು. ಆಗ ಅಪರಾಧ ನಡೆದದ್ದು ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಹೇಳುವುದೇ ಕಷ್ಟವಾಗುತ್ತದೆ.

ಗಡಿಯ ತೊಡಕಿಗಿಂತ ಆಳವಾದ ಇನ್ನೊಂದು ತೊಡಕನ್ನು ಜಗತ್ತು 2000ನೆಯ ಇಸವಿಯ ಮೇ 4ರಂದು ಕಂಡಿತು. ಅಂದು ಲಕ್ಷಾಂತರ ಜನರ ಗಣಕಯಂತ್ರಗಳಿಗೆ, ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ಇಂಗ್ಲಿಷ್ ಒಕ್ಕಣೆಯ ಮಿಂಚಂಚೆಯೊಂದು ಬಂದಿತು. ಬಹುತೇಕ ಅದು ಪರಿಚಿತರ ಹೆಸರಿನಿಂದಲೇ ಬಂದಿರುತ್ತಿತ್ತು. ಜೊತೆಗಿದ್ದ ಪ್ರೇಮಪತ್ರವನ್ನು ತೆರೆದೊಡನೆ ಅದರಲ್ಲಿ ಅಡಗಿದ್ದ ವೈರಸ್ ಎಚ್ಚೆತ್ತು, ಯಂತ್ರದಲ್ಲಿದ್ದ ಚಿತ್ರಗಳೇ ಮೊದಲಾದ ಕಡತಗಳನ್ನು ಹಾಳುಮಾಡಿ, ವಿಳಾಸಪಟ್ಟಿಯಲ್ಲಿದ್ದವರೆಲ್ಲರಿಗೂ ತನ್ನದೇ ಪ್ರತಿಯನ್ನು ಕಳುಹಿಸುತ್ತಿತ್ತು. ಕೆಲವೇ ಗಂಟೆಗಳಲ್ಲಿ ಅದು ಏಷ್ಯಾದಿಂದ ಯೂರೋಪಿಗೆ, ಯೂರೋಪಿನಿಂದ ಅಮೆರಿಕೆಗೆ ಹಬ್ಬಿತು. ಬ್ರಿಟಿಷ್ ಸಂಸತ್ತಿನ ಕೆಳಮನೆಯು ತನ್ನ ಮಿಂಚಂಚೆಯ ವ್ಯವಸ್ಥೆಯನ್ನೇ ಮುಚ್ಚಬೇಕಾಯಿತು. ಅಮೆರಿಕೆಯ ರಕ್ಷಣಾ ಇಲಾಖೆಗೂ ಅದರ ಬಿಸಿ ತಟ್ಟಿತು. ಜಗತ್ತಿಗಾದ ನಷ್ಟವನ್ನು ನೂರಾರು ಕೋಟಿ ಡಾಲರುಗಳಲ್ಲಿ ಅಂದಾಜು ಮಾಡಿದರು.

ವೈರಸ್ಸಿನ ಮೂಲವು ಫಿಲಿಪೈನ್ಸ್ ದೇಶದ ರಾಜಧಾನಿ ಮನಿಲಾ ನಗರವೆಂದು ಬೇಗನೆ ಗೊತ್ತಾಯಿತು. ಅಲ್ಲಿನ ಪೊಲೀಸರೂ ಅಮೆರಿಕೆಯ ತನಿಖೆಗಾರರೂ ಕೂಡಿ ಶೋಧಿಸಿದಾಗ, ಗಣಕಯಂತ್ರ ಕಾಲೇಜೊಂದರಲ್ಲಿ ಓದುತ್ತಿದ್ದ ತರುಣನೊಬ್ಬನ ಮೇಲೆ ಅನುಮಾನ ಬಂದಿತು. ಅನ್ಯರ ಗುಪ್ತಪದಗಳನ್ನು ಅಪಹರಿಸಿ ಅಂತರಜಾಲವನ್ನು ಬಿಟ್ಟಿಯಾಗಿ ಬಳಸುವ ವಿಧಾನವನ್ನೇ ತನ್ನ ಪದವಿಯ ಪ್ರಬಂಧಕ್ಕೆ ವಿಷಯವಾಗಿ ಅವನು ಸೂಚಿಸಿದ್ದನು. ಇದು ಕಳ್ಳತನವೆಂದು ಕಾಲೇಜು ಅದನ್ನು ತಳ್ಳಿಹಾಕಿತ್ತು. ಹೀಗೆ ಮನುಷ್ಯನು ಸಿಕ್ಕಿದನು. ಆದರೆ ಅವನ ಮೇಲೆ ಹೊರಿಸಲು ಅಪರಾಧವೇ ಸಿಕ್ಕಲಿಲ್ಲ! ಗಣಕಯಂತ್ರಗಳಿಗೆ ವೈರಸ್ ಹರಡುವುದು ಅಪರಾಧವೆಂದು ಹೇಳುವ ಶಾಸನವು ಆಗ ಫಿಲಿಪೈನ್ಸಿನಲ್ಲಿ ಇರಲಿಲ್ಲ. ಅಮೆರಿಕೆಯಲ್ಲಿ ಇದ್ದಿತು. ಹಾಗಾದರೆ ಅವನನ್ನು ಅಮೆರಿಕೆಗೆ ಒಪ್ಪಿಸಬಹುದಾಗಿತ್ತಲ್ಲವೆ? ಒಪ್ಪಿಸುವಂತಿರಲಿಲ್ಲ. ಏಕೆಂದರೆ, ಆಪಾದಿತನನ್ನು ಒಂದು ರಾಷ್ಟ್ರವು ಇನ್ನೊಂದು ರಾಷ್ಟ್ರಕ್ಕೆ ಹಸ್ತಾಂತರಿಸಬೇಕಾದರೆ ಅವನು ಮಾಡಿದ ಕೃತ್ಯವು ಎರಡೂ ರಾಷ್ಟ್ರಗಳ ಕಾನೂನಿನಲ್ಲಿ ಅಪರಾಧವಾಗಿರಬೇಕು. ಇದಕ್ಕೆ ಉಭಯಾಪರಾಧ ತತ್ತ್ವವೆಂದು ಹೆಸರು. ಆ ವರ್ಷದ ಜೂನ್ ತಿಂಗಳಲ್ಲಿ ಫಿಲಿಪೈನ್ಸ್ ಅವಸರವಾಗಿ ಶಾಸನವನ್ನು ಮಾಡಿತು. ಆದರೆ ಮೇ ತಿಂಗಳಲ್ಲಿ ಮಾಡಿದ ಕೃತ್ಯಕ್ಕೆ ಜೂನ್ ತಿಂಗಳ ಶಾಸನವು ಅನ್ವಯಿಸದು. ಆಗಸ್ಟಿನಲ್ಲಿ ಆಪಾದನೆಗಳನ್ನೆಲ್ಲ ಕೈಬಿಟ್ಟರು. ತರುಣನು ಮನೆಗೆ ಹೋದನು. ಇಪ್ಪತ್ತು ವರ್ಷಗಳ ತರುವಾಯ, 2020ರಲ್ಲಿ, ಪತ್ರಕರ್ತನೊಬ್ಬನ ಮುಂದೆ ಅದು ತನ್ನದೇ ಕೃತ್ಯವೆಂದು ಅವನು ಒಪ್ಪಿಕೊಂಡನು.

ಈ ಕಥೆಯನ್ನು ಕೇಳಿದವರು ಉಭಯಾಪರಾಧ ತತ್ತ್ವವನ್ನು ಮೂರ್ಖತನವೆಂದು ಜರೆಯುವುದುಂಟು. ಅದು ಸರಿಯಲ್ಲ. ಅರಸನನ್ನು ಟೀಕಿಸುವುದೇ ಅಪರಾಧವಾಗಿರುವ ದೇಶಗಳು ಜಗತ್ತಿನಲ್ಲಿವೆ. ಅಂತಹ ದೇಶವೊಂದು, ‘ನಿಮ್ಮ ಊರಿನ ಲೇಖಕನೊಬ್ಬನು ನಮ್ಮ ದೊರೆಯನ್ನು ಹಾಸ್ಯಮಾಡಿ ಅಂತರಜಾಲದಲ್ಲಿ ಬರೆದಿದ್ದಾನೆ, ಅವನನ್ನು ನಮಗೆ ಒಪ್ಪಿಸಿ’ ಎಂದು ಕೇಳಿದರೆ ನಾವು ಒಪ್ಪಿಸಬೇಕೆ? ನಿಧಾನವೂ ತೊಡಕೂ ಎಂದು ನಮಗೆ ತೋರುವ ಈ ನಿಯಮವೇ ಆ ಲೇಖಕನ ಕೊರಳನ್ನು ಕಾಯುವ ಗೋಡೆ. ಸೈಬರ್ ಅಪರಾಧವನ್ನು ಕುರಿತ ಅಂತರರಾಷ್ಟ್ರೀಯ ಸಹಕಾರದ ಕಷ್ಟವೆಲ್ಲ ಇಲ್ಲಿಯೇ ಇದೆ. ಗೋಡೆಯನ್ನು ಕೆಡವದೆ ಅದರಲ್ಲಿ ಬಾಗಿಲನ್ನು ಇಡಬೇಕಾಗಿದೆ.

ಆ ಬಾಗಿಲುಗಳಲ್ಲಿ ಅತ್ಯಂತ ಹಳೆಯದು ಒಂದು ನ್ಯಾಯಾಲಯವು ಪರದೇಶದ ನ್ಯಾಯಾಲಯಕ್ಕೆ ಬರೆಯುವ ವಿನಂತಿಪತ್ರ. ಪರಸ್ಪರ ಕಾನೂನು ನೆರವಿನ ಒಪ್ಪಂದಗಳು ಅದರ ಸುಧಾರಿಸಿದ ರೂಪ. ಭಾರತವು ಅನೇಕ ರಾಷ್ಟ್ರಗಳೊಡನೆ ಇಂತಹ ಒಪ್ಪಂದಗಳನ್ನು ಮಾಡಿಕೊಂಡಿದೆ. ಅಮೆರಿಕೆಯೊಡನೆ 2001ರಲ್ಲಿ ಸಹಿಯಾದ ಒಪ್ಪಂದವು 2005ರಲ್ಲಿ ಜಾರಿಗೆ ಬಂದಿತು. ಇದು ನಡೆಯುವ ಬಗೆಯನ್ನು ನೋಡೋಣ. ಹಾಸನದ ನಿವೃತ್ತ ಶಿಕ್ಷಕರೊಬ್ಬರ ಉಳಿತಾಯವನ್ನು ಯಾರೋ ಮೋಸದಿಂದ ದೋಚಿದರೆಂದೂ, ದೋಚಿದವನ ಮಿಂಚಂಚೆಯ ದಾಖಲೆಗಳು ಅಮೆರಿಕೆಯ ಕಂಪನಿಯೊಂದರ ಬಳಿ ಇವೆಯೆಂದೂ ಭಾವಿಸೋಣ. ತನಿಖಾಧಿಕಾರಿಯು ಬೇಡಿಕೆಯನ್ನು ಸಿದ್ಧಪಡಿಸಿ, ಬೇಕಾದಲ್ಲಿ ನ್ಯಾಯಾಲಯದ ವಿನಂತಿಪತ್ರವನ್ನು ಪಡೆದು, ರಾಜ್ಯದ ಗೃಹ ಇಲಾಖೆಯ ಮೂಲಕ ದೆಹಲಿಯಲ್ಲಿರುವ ಕೇಂದ್ರ ಗೃಹ ಮಂತ್ರಾಲಯಕ್ಕೆ ಕಳುಹಿಸಬೇಕು. ಮಂತ್ರಾಲಯವು ಅದನ್ನು ಪರಿಶೀಲಿಸಿ ಅಮೆರಿಕೆಯ ನ್ಯಾಯ ಇಲಾಖೆಗೆ ಕಳುಹಿಸುತ್ತದೆ. ಅಲ್ಲಿನ ವಕೀಲರು ಅದನ್ನು ತಮ್ಮ ಕಾನೂನಿನ ಅಚ್ಚಿಗೆ ಹೊಂದಿಸಿ ತಮ್ಮ ನ್ಯಾಯಾಧೀಶರ ಮುಂದಿಡುತ್ತಾರೆ. ನ್ಯಾಯಾಧೀಶರು ಒಪ್ಪಿದರೆ ಕಂಪನಿಗೆ ಆಜ್ಞೆ ಹೋಗುತ್ತದೆ. ಕಂಪನಿ ಕೊಟ್ಟ ದಾಖಲೆಯು ಬಂದ ದಾರಿಯಲ್ಲಿಯೇ ಹಿಂದಿರುಗಿ ಹಾಸನವನ್ನು ತಲುಪಬೇಕು. ಪರದೇಶಗಳಿಂದ ಬರುವ ಇಂತಹ ಬೇಡಿಕೆಗಳಿಗೆ ಸರಾಸರಿ ಹತ್ತು ತಿಂಗಳು ಹಿಡಿಯುತ್ತದೆಂದು 2013ರಲ್ಲಿ ಅಮೆರಿಕೆಯ ಅಧ್ಯಕ್ಷರು ನೇಮಿಸಿದ್ದ ಸಮಿತಿಯೇ ವರದಿ ಮಾಡಿತು. ಯಾವ ಯಂತ್ರ ಯಾವ ಹೊತ್ತಿನಲ್ಲಿ ಯಾವುದರೊಡನೆ ಸಂಪರ್ಕ ಮಾಡಿತೆಂಬ ದಾಖಲೆಗಳನ್ನು ಅನೇಕ ಸಂಸ್ಥೆಗಳು ಕೆಲವೇ ವಾರಗಳೋ ತಿಂಗಳುಗಳೋ ಇಟ್ಟುಕೊಂಡು ಅಳಿಸಿಬಿಡುತ್ತವೆ. ಶಿಕ್ಷಕರ ಪತ್ರ ತಲುಪುವ ಹೊತ್ತಿಗೆ ಅಲ್ಲಿ ನೋಡಲು ಏನೂ ಉಳಿದಿರದಿರಬಹುದು.

ಈ ಅಪಾಯವನ್ನು ಮನಗಂಡು, ಎಂಟು ಕೈಗಾರಿಕಾ ರಾಷ್ಟ್ರಗಳ ಕೂಟವು 1997ರಲ್ಲಿ ಒಂದು ಸರಳವಾದ ಉಪಾಯವನ್ನು ಮಾಡಿತು. ಪ್ರತಿ ರಾಷ್ಟ್ರದಲ್ಲಿಯೂ ವಾರದ ಏಳು ದಿನ, ದಿನದ ಇಪ್ಪತ್ತನಾಲ್ಕು ಗಂಟೆ ಎಚ್ಚರವಾಗಿರುವ ಒಂದು ಸಂಪರ್ಕ ಕೇಂದ್ರವಿರಬೇಕು. ಕರೆ ಬಂದ ಕೂಡಲೇ ಆ ಕೇಂದ್ರವು ದಾಖಲೆಯನ್ನು ಅಳಿಸದಂತೆ ನೋಡಿಕೊಳ್ಳಬೇಕು ಎಂಬುದೇ ಆ ಉಪಾಯ. ದಾಖಲೆಯನ್ನು ಕೊಡುವುದು ಬೇರೆ, ಅಳಿಸದೆ ಇರಿಸುವುದು ಬೇರೆ ಎಂಬ ವಿವೇಕ ಇದರಲ್ಲಿದೆ. ಕೊಡಲು ನ್ಯಾಯಾಲಯದ ವಿಚಾರಣೆ ಬೇಕು, ಅದು ನಿಧಾನವಾಗಿಯೇ ನಡೆಯಲಿ. ಇರಿಸಲು ಒಂದು ಕರೆ ಸಾಕು.

2001ರ ನವೆಂಬರ್ 23ರಂದು ಹಂಗೆರಿ ದೇಶದ ಬುಡಾಪೆಸ್ಟ್ ನಗರದಲ್ಲಿ ಸಹಿಗಾಗಿ ತೆರೆದ ಒಡಂಬಡಿಕೆಯು ಈ ವಿಷಯದಲ್ಲಿ ಮೊದಲನೆಯ ಅಂತರರಾಷ್ಟ್ರೀಯ ಶಾಸನ. ಅದನ್ನು ರಚಿಸಿದ್ದು ಯೂರೋಪ್ ಮಂಡಲಿ. ಜಾರಿಗೆ ಬಂದದ್ದು 2004ರ ಜುಲೈ 1ರಂದು. ಅದಕ್ಕೆ ಸೇರುವ ರಾಷ್ಟ್ರಗಳು ಅನುಮತಿಯಿಲ್ಲದ ಪ್ರವೇಶ, ಮಾಹಿತಿಯ ನಾಶ, ಗಣಕಯಂತ್ರದ ಮೂಲಕ ವಂಚನೆ ಮುಂತಾದ ಕೃತ್ಯಗಳನ್ನು ತಮ್ಮ ತಮ್ಮ ಕಾನೂನಿನಲ್ಲಿ ಅಪರಾಧಗಳೆಂದು ಸಾರಬೇಕು. ಹೀಗೆ ಮಾಡಿದರೆ ಮನಿಲಾದಲ್ಲಿ ಬಂದ ಉಭಯಾಪರಾಧದ ತೊಡಕು ತಾನಾಗಿಯೇ ಸಡಿಲವಾಗುತ್ತದೆ. ದಿನದ ಇಪ್ಪತ್ತನಾಲ್ಕು ಗಂಟೆಯ ಸಂಪರ್ಕ ಕೇಂದ್ರಗಳನ್ನೂ ಅದು ಕಡ್ಡಾಯಗೊಳಿಸಿತು. ಪರದೇಶದ ಕೋರಿಕೆಯ ಮೇಲೆ ಕಾಪಾಡಿದ ದಾಖಲೆಯನ್ನು ಕನಿಷ್ಠ ಅರವತ್ತು ದಿನಗಳ ಕಾಲ ಇರಿಸಬೇಕೆಂದು ವಿಧಿಸಿತು. ಯೂರೋಪಿನ ಹೊರಗಿನ ಅಮೆರಿಕಾ, ಜಪಾನ್, ಆಸ್ಟ್ರೇಲಿಯಾ, ಶ್ರೀಲಂಕಾ ಮೊದಲಾದವೂ ಸೇರಿ ಎಪ್ಪತ್ತೈದಕ್ಕೂ ಹೆಚ್ಚು ರಾಷ್ಟ್ರಗಳು ಅದನ್ನು ಒಪ್ಪಿವೆ. ಪ್ರೇಮಪತ್ರದ ವೈರಸ್ ಹುಟ್ಟಿದ ಫಿಲಿಪೈನ್ಸ್ 2018ರಲ್ಲಿ ಸೇರಿತು.

ಭಾರತವು ಇದಕ್ಕೆ ಸೇರಿಲ್ಲ. ತಾನು ಕುಳಿತು ಚರ್ಚಿಸದ ಒಡಂಬಡಿಕೆಗೆ ಸಹಿ ಹಾಕುವುದು ತಕ್ಕುದಲ್ಲವೆಂಬ ಭಾವನೆಯೂ, ಪರದೇಶದ ತನಿಖೆಗಾರರಿಗೆ ನಮ್ಮ ಮಾಹಿತಿಯ ಮೇಲೆ ಕೈ ಚಾಚಲು ಎಡೆಯಾದೀತೆಂಬ ಶಂಕೆಯೂ ಇದಕ್ಕೆ ಕಾರಣಗಳೆಂದು ಹೇಳುತ್ತಾರೆ. ಆದರೆ ಕಾನೂನನ್ನು ಮಾಡುವುದರಲ್ಲಿ ನಾವು ಹಿಂದೆ ಬಿದ್ದಿರಲಿಲ್ಲ. ನಮ್ಮ ಮಾಹಿತಿ ತಂತ್ರಜ್ಞಾನ ಅಧಿನಿಯಮವು 2000ನೆಯ ಇಸವಿಯ ಅಕ್ಟೋಬರ್ 17ರಂದೇ ಜಾರಿಗೆ ಬಂದಿತು. ಅಪರಾಧಿಯು ಯಾವ ದೇಶದವನಾಗಿದ್ದರೂ, ಎಲ್ಲಿಯೇ ಇದ್ದರೂ, ಅವನ ಕೃತ್ಯದಲ್ಲಿ ಭಾರತದಲ್ಲಿರುವ ಗಣಕಯಂತ್ರವು ಒಳಗೊಂಡಿದ್ದರೆ ಈ ಅಧಿನಿಯಮವು ಅನ್ವಯಿಸುತ್ತದೆಂದು ಅದರ 75ನೆಯ ಪ್ರಕರಣವು ಹೇಳುತ್ತದೆ. 2001ರಲ್ಲಿ ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳಿಗಾಗಿಯೇ ಪ್ರತ್ಯೇಕ ಪೊಲೀಸ್ ಠಾಣೆಯನ್ನು ತೆರೆದರು. ದೇಶದಲ್ಲಿ ಅಂತಹ ಠಾಣೆ ಅದೇ ಮೊದಲು. ಆದರೂ ನಮ್ಮ ಕಾನೂನು ಎಲ್ಲಿಯವರೆಗೆ ಬೇಕಾದರೂ ಮಾತನಾಡಬಹುದು. ಪರದೇಶದಲ್ಲಿ ಒಂದು ಬೀಗವನ್ನು ತೆರೆಯಬೇಕಾದರೆ ಆ ದೇಶದ ಕೈಯೇ ಬೇಕು.

ಸಹಕಾರವು ಗಂಟೆಗಳ ಲೆಕ್ಕದಲ್ಲಿ ನಡೆಯದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ನೆರೆಯ ಬಾಂಗ್ಲಾದೇಶದ ಅನುಭವವು ದೊಡ್ಡ ಸಾಕ್ಷಿ. ಆ ದೇಶದ ಕೇಂದ್ರ ಬ್ಯಾಂಕು ತನ್ನ ವಿದೇಶಿ ಹಣದ ಒಂದು ಭಾಗವನ್ನು ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿ ಇರಿಸಿತ್ತು. ಕಳ್ಳರು ಬಹಳ ದಿನ ಮೊದಲೇ ಢಾಕಾದ ಬ್ಯಾಂಕಿನ ಗಣಕಯಂತ್ರಗಳೊಳಕ್ಕೆ ನುಸುಳಿ ಹೊಂಚಿದ್ದರು. 2016ರ ಫೆಬ್ರವರಿ 4, ಗುರುವಾರ ರಾತ್ರಿ, ಬ್ಯಾಂಕು ಮುಚ್ಚಿದ ಮೇಲೆ, ಬ್ಯಾಂಕಿನ ಹೆಸರಿನಲ್ಲಿಯೇ ನ್ಯೂಯಾರ್ಕಿಗೆ 35 ಆದೇಶಗಳನ್ನು ಕಳುಹಿಸಿದರು. ಅವುಗಳ ಒಟ್ಟು ಮೊತ್ತ ಹೆಚ್ಚುಕಡಿಮೆ 95.1 ಕೋಟಿ ಡಾಲರು. ಆದೇಶಗಳ ಪ್ರತಿಯನ್ನು ಅಚ್ಚುಹಾಕಬೇಕಾಗಿದ್ದ ಬ್ಯಾಂಕಿನ ಯಂತ್ರವನ್ನೂ ಅವರು ಕೆಡಿಸಿಟ್ಟಿದ್ದರು.

ಕಳ್ಳರು ಆರಿಸಿಕೊಂಡ ದಿನವನ್ನು ನೋಡಿರಿ. ಶುಕ್ರವಾರ ಬಾಂಗ್ಲಾದೇಶದಲ್ಲಿ ವಾರದ ರಜೆ. ಅಲ್ಲಿನವರು ಮೋಸವನ್ನು ಅರಿತು ನ್ಯೂಯಾರ್ಕನ್ನು ಕೂಗುವ ವೇಳೆಗೆ ಅಲ್ಲಿ ಶನಿವಾರ, ಭಾನುವಾರಗಳ ರಜೆ. ಸೋಮವಾರ ನ್ಯೂಯಾರ್ಕು ಎಚ್ಚೆತ್ತರೆ ಮನಿಲಾದಲ್ಲಿ ಚೀನೀ ಹೊಸವರ್ಷದ ರಜೆ. ಮೂರು ದೇಶಗಳ ಪಂಚಾಂಗಗಳನ್ನು ಜೋಡಿಸಿ ಕಳ್ಳರು ನಾಲ್ಕು ದಿನಗಳ ಕತ್ತಲನ್ನು ಸಂಪಾದಿಸಿದ್ದರು. ಅವರಿಗೆ ಅಡ್ಡಬಂದದ್ದು ಕಾನೂನಲ್ಲ, ಕಾಕತಾಳೀಯ. ಶ್ರೀಲಂಕೆಯ ಸಂಸ್ಥೆಯೊಂದಕ್ಕೆ ಹೊರಟಿದ್ದ 2 ಕೋಟಿ ಡಾಲರಿನ ಆದೇಶದಲ್ಲಿ ‘ಫೌಂಡೇಶನ್’ ಎಂಬ ಪದವನ್ನು ‘ಫ್ಯಾಂಡೇಶನ್’ ಎಂದು ತಪ್ಪಾಗಿ ಬರೆದಿದ್ದರು. ಅದನ್ನು ಕಂಡ ಬ್ಯಾಂಕಿನವರು ಅನುಮಾನಗೊಂಡು ಕೇಳಿದರು. ಹಣ ಹೋಗಬೇಕಾಗಿದ್ದ ಮನಿಲಾದ ಬ್ಯಾಂಕಿನ ಶಾಖೆಯು ಜುಪಿಟರ್ ಎಂಬ ಬೀದಿಯಲ್ಲಿತ್ತು. ಅದೇ ಹೆಸರು ನಿರ್ಬಂಧಕ್ಕೆ ಒಳಗಾದ ಹಡಗಿನ ವ್ಯವಹಾರವೊಂದರ ಪಟ್ಟಿಯಲ್ಲಿಯೂ ಇದ್ದುದರಿಂದ ಉಳಿದ ಆದೇಶಗಳು ಮರುಪರಿಶೀಲನೆಗೆ ನಿಂತವು. ಹೀಗೆ ಸುಮಾರು 85 ಕೋಟಿ ಡಾಲರು ಉಳಿಯಿತು. ಆದರೆ ಅಷ್ಟರಲ್ಲಿಯೇ 8.1 ಕೋಟಿ ಡಾಲರು ಮನಿಲಾ ಸೇರಿತ್ತು.

ಆ ಹಣವು ಹಲವು ತಿಂಗಳುಗಳ ಹಿಂದೆಯೇ ಸುಳ್ಳು ಹೆಸರುಗಳಲ್ಲಿ ತೆರೆದಿಟ್ಟಿದ್ದ ಖಾತೆಗಳಿಗೆ ಬಂದಿತ್ತು. ಹಣವನ್ನು ತಡೆಹಿಡಿಯಿರೆಂಬ ಢಾಕಾದ ಸಂದೇಶವು ಮಂಗಳವಾರ ಬೆಳಗಿನ ವೇಳೆಗೆ ಮನಿಲಾದ ಬ್ಯಾಂಕಿನಲ್ಲಿ ಇದ್ದಿತು; ಆದರೂ ಅದೇ ದಿನ ಖಾತೆಗಳು ಬರಿದಾದವು. ಹಣದ ಬಹುಭಾಗವು ಜೂಜುಕಟ್ಟೆಗಳಿಗೆ ಹೋಯಿತು. ಅಕ್ರಮ ಹಣದ ಚಲಾವಣೆಯನ್ನು ತಡೆಯುವ ಫಿಲಿಪೈನ್ಸಿನ ಶಾಸನವು ಆಗ ಜೂಜುಕಟ್ಟೆಗಳಿಗೆ ಅನ್ವಯಿಸುತ್ತಿರಲಿಲ್ಲ. ಜೂಜಿನ ಮೇಜಿನ ಮೇಲೆ ಹಣವು ಬಿಲ್ಲೆಗಳಾಗಿ, ಬಿಲ್ಲೆಗಳು ಮತ್ತೆ ಹಣವಾಗಿ, ಯಾರದೆಂದು ಹೇಳಲಾಗದಂತೆ ಕರಗಿಹೋಯಿತು. 2016ರಲ್ಲಿಯೇ ಸುಮಾರು 1.5 ಕೋಟಿ ಡಾಲರು ಢಾಕಾಕ್ಕೆ ಮರಳಿತು. ಜೂಜುಕಟ್ಟೆಗಳನ್ನು ಕಾನೂನಿನೊಳಗೆ ತಂದದ್ದು 2017ರಲ್ಲಿ. ಶಾಖೆಯ ವ್ಯವಸ್ಥಾಪಕಿಗೆ 2019ರಲ್ಲಿ ಶಿಕ್ಷೆಯಾಯಿತು. ಅಮೆರಿಕೆಯ ನ್ಯಾಯ ಇಲಾಖೆಯು 2018ರಲ್ಲಿ ಉತ್ತರ ಕೊರಿಯಾದ ತಂತ್ರಜ್ಞನೊಬ್ಬನ ಮೇಲೆ ಆಪಾದನೆ ಹೊರಿಸಿತು. ಆ ದೇಶಕ್ಕೂ ಅಮೆರಿಕೆಗೂ ರಾಜತಾಂತ್ರಿಕ ಸಂಬಂಧವೇ ಇಲ್ಲದಿರುವುದರಿಂದ ಅವನನ್ನು ಕೇಳುವ ದಾರಿಯೂ ಇಲ್ಲ. ಬಡರಾಷ್ಟ್ರವೊಂದರ ಬೊಕ್ಕಸಕ್ಕೆ ಬಿದ್ದ ಕನ್ನವಿದು ಎಂಬುದನ್ನು ಮರೆಯಬಾರದು. ದೇಶದ ದುಡಿಮೆಯಿಂದ ಬಂದ ಡಾಲರುಗಳು ಒಂದು ರಜೆಯ ವಾರದಲ್ಲಿ ಹೀಗೆ ಹಾರಿಹೋದವು.

ಪೊಲೀಸರು ಒಟ್ಟಾಗಿ ಗೆದ್ದ ಉದಾಹರಣೆಗಳೂ ಇಲ್ಲದಿಲ್ಲ. 2021ರ ಜನವರಿಯಲ್ಲಿ ನೆದರ್ಲೆಂಡ್ಸ್, ಜರ್ಮನಿ, ಫ್ರಾನ್ಸ್, ಲಿಥುವೇನಿಯಾ, ಬ್ರಿಟನ್, ಅಮೆರಿಕಾ, ಕೆನಡಾ, ಉಕ್ರೇನ್ ಈ ಎಂಟು ದೇಶಗಳವರು ಯೂರೋಪಿನ ಪೊಲೀಸ್ ಸಂಸ್ಥೆಯ ಮೂಲಕ ಕೂಡಿ, ಎಮೋಟೆಟ್ ಎಂಬ ದುಷ್ಟ ತಂತ್ರಾಂಶದ ಹಿಂದಿದ್ದ ಯಂತ್ರಗಳ ಜಾಲವನ್ನು ಏಕಕಾಲದಲ್ಲಿ ವಶಪಡಿಸಿಕೊಂಡರು. ಒಂದು ದೇಶದಲ್ಲಿ ಮಾತ್ರ ಹಿಡಿದಿದ್ದರೆ ಜಾಲವು ಇನ್ನೊಂದು ದೇಶದಿಂದ ಮರುಗಳಿಗೆಯೇ ತಲೆಯೆತ್ತುತ್ತಿತ್ತು. ಫ್ರಾನ್ಸಿನ ಲಿಯೋನ್ ನಗರದಲ್ಲಿ ಕೇಂದ್ರವುಳ್ಳ ಇಂಟರ್‌ಪೋಲ್ ಸಂಸ್ಥೆಯು ಸೈಬರ್ ಅಪರಾಧಗಳ ಮೇಲೆ ಕಣ್ಣಿಡುವ ಸಲುವಾಗಿ 2015ರಲ್ಲಿ ಸಿಂಗಪುರದಲ್ಲಿ ದೊಡ್ಡ ಕಚೇರಿಯನ್ನು ತೆರೆದಿದೆ. ಇಂಟರ್‌ಪೋಲಿನ ಪೊಲೀಸರು ದೇಶದೇಶಗಳಲ್ಲಿ ಕಳ್ಳರನ್ನು ಹಿಡಿಯುತ್ತಾರೆಂದು ಸಿನಿಮಾಗಳಲ್ಲಿ ತೋರಿಸುವುದುಂಟು, ಅದು ನಿಜವಲ್ಲ. ಆ ಸಂಸ್ಥೆಗೆ ಬಂಧಿಸುವ ಅಧಿಕಾರವಿಲ್ಲ. ಸುದ್ದಿಯನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಮುಟ್ಟಿಸುವುದು, ಸದಸ್ಯ ರಾಷ್ಟ್ರಗಳ ಪೊಲೀಸರನ್ನು ಒಂದೆಡೆ ಕೂಡಿಸುವುದು ಅದರ ಕೆಲಸ. ನಮ್ಮ ದೇಶದಲ್ಲಿ ಅದರೊಡನೆ ವ್ಯವಹರಿಸುವುದು ಕೇಂದ್ರ ತನಿಖಾ ದಳ.

ಇತ್ತೀಚಿನ ವರ್ಷಗಳಲ್ಲಿ ಈ ಸಮಸ್ಯೆಯು ನಮ್ಮ ಮನೆಬಾಗಿಲಿಗೆ ಬೇರೊಂದು ರೂಪದಲ್ಲಿ ಬಂದಿದೆ. ಪೊಲೀಸ್ ವೇಷದಲ್ಲಿ ದೂರವಾಣಿಯ ತೆರೆಯ ಮೇಲೆ ಕಾಣಿಸಿಕೊಂಡು, ‘ನಿಮ್ಮನ್ನು ಬಂಧಿಸಿದ್ದೇವೆ, ಕೋಣೆಯಿಂದ ಕದಲಬೇಡಿ’ ಎಂದು ಹೆದರಿಸಿ ಹಣ ಕೀಳುವ ಕರೆಗಳು ಕರ್ನಾಟಕದ ಅನೇಕ ಕುಟುಂಬಗಳಿಗೆ ಬಂದಿವೆ. ನಮ್ಮ ಕಾನೂನಿನಲ್ಲಿ ಅಂತಹ ಬಂಧನವೆಂಬುದೇ ಇಲ್ಲ. ಇಂತಹ ಕರೆಗಳಲ್ಲಿ ಹಲವು ಕಾಂಬೋಡಿಯಾ, ಮ್ಯಾನ್ಮಾರ್ ಮೊದಲಾದ ದೇಶಗಳಲ್ಲಿರುವ, ಕೋಟೆಯಂತೆ ಗೋಡೆ ಕಟ್ಟಿದ ವಠಾರಗಳಿಂದ ಹೊರಡುತ್ತವೆ. ಅಲ್ಲಿ ಕುಳಿತು ಮಾತನಾಡುವವರೆಲ್ಲರೂ ಕಳ್ಳರಲ್ಲ. ಒಳ್ಳೆಯ ಸಂಬಳದ ನೌಕರಿಯ ಆಸೆ ತೋರಿಸಿ ಭಾರತದಿಂದಲೂ ಇತರ ದೇಶಗಳಿಂದಲೂ ಕರೆದೊಯ್ದ ತರುಣರು ಅಲ್ಲಿದ್ದಾರೆ. ಪಾಸ್‌ಪೋರ್ಟನ್ನು ಕಸಿದುಕೊಂಡು, ಹೊಡೆದು ಬಡಿದು ಅವರಿಂದ ಈ ಕೆಲಸವನ್ನು ಮಾಡಿಸುತ್ತಾರೆ. 2025ರ ಮಾರ್ಚ್ ತಿಂಗಳಲ್ಲಿ ಮ್ಯಾನ್ಮಾರಿನ ಗಡಿಯ ಇಂತಹ ವಠಾರಗಳಿಂದ ಬಿಡಿಸಿದ ಐನೂರಕ್ಕೂ ಹೆಚ್ಚು ಭಾರತೀಯರನ್ನು ಥಾಯ್ಲೆಂಡಿನ ಮೂಲಕ ವಾಯುಪಡೆಯ ವಿಮಾನಗಳಲ್ಲಿ ಕರೆತಂದರು. ಹೀಗೆ ಬಂದವರಲ್ಲಿ ಯಾರು ಬಲಿಪಶು, ಯಾರು ಬೇಕೆಂದೇ ಪಾಲುಗೊಂಡವನು ಎಂಬುದನ್ನು ತೀರ್ಮಾನಿಸಬೇಕಾದ ಸಾಕ್ಷ್ಯಗಳು ಇರುವುದು ಗಡಿಯ ಆಚೆ.

ಹಣ ಕಳೆದುಕೊಂಡವರು ಮೊದಲನೆಯ ಗಂಟೆಯಲ್ಲಿಯೇ 1930 ಎಂಬ ಸಂಖ್ಯೆಗೆ ಕರೆಮಾಡಿದರೆ, ಹಣವು ನಮ್ಮ ದೇಶದ ಬ್ಯಾಂಕುಗಳಲ್ಲಿ ಇರುವಾಗಲೇ ಅದನ್ನು ತಡೆಹಿಡಿಯಲು ಸಾಧ್ಯವಿದೆ. ದೇಶದೊಳಗೆ ಈ ಏರ್ಪಾಡು ಇರುವುದು ಒಳ್ಳೆಯದೇ. ಗಡಿ ದಾಟಿದ ಮೇಲೆ ಇದೇ ವೇಗವು ಉಳಿಯುವುದಿಲ್ಲ.

ಈ ಕೊರತೆಯನ್ನು ತುಂಬುವ ಉದ್ದೇಶದಿಂದ ವಿಶ್ವಸಂಸ್ಥೆಯು 2019ರಲ್ಲಿ ಸಮಿತಿಯೊಂದನ್ನು ರಚಿಸಲು ತೀರ್ಮಾನಿಸಿತು. ಅನೇಕ ವರ್ಷಗಳ ಚರ್ಚೆಯ ತರುವಾಯ 2024ರ ಡಿಸೆಂಬರ್ 24ರಂದು ಸಾಮಾನ್ಯ ಸಭೆಯು ಸೈಬರ್ ಅಪರಾಧದ ವಿರುದ್ಧದ ಒಡಂಬಡಿಕೆಯನ್ನು ಮತದಾನವಿಲ್ಲದೆ ಅಂಗೀಕರಿಸಿತು. 2025ರ ಅಕ್ಟೋಬರ್ 25ರಂದು ವಿಯೆಟ್ನಾಮಿನ ಹನೋಯ್ ನಗರದಲ್ಲಿ ಅದನ್ನು ಸಹಿಗಾಗಿ ತೆರೆದಾಗ ಅರವತ್ತಕ್ಕೂ ಹೆಚ್ಚು ರಾಷ್ಟ್ರಗಳು ಸಹಿ ಹಾಕಿದವು. ಸಹಿ ಮಾತ್ರ ಸಾಲದು. ನಲವತ್ತು ರಾಷ್ಟ್ರಗಳು ಅನುಮೋದಿಸಿ ತೊಂಬತ್ತು ದಿನಗಳಾದ ಮೇಲೆ ಅದು ಜಾರಿಗೆ ಬರಬೇಕೆಂಬುದು ನಿಯಮ. ಸಂಪರ್ಕ ಕೇಂದ್ರಗಳು, ದಾಖಲೆಗಳ ರಕ್ಷಣೆ, ಆಪಾದಿತರ ಹಸ್ತಾಂತರ ಇವೆಲ್ಲವೂ ಅದರಲ್ಲಿವೆ. ಬುಡಾಪೆಸ್ಟಿನ ಒಡಂಬಡಿಕೆಯಲ್ಲಿ ಪಾಲುಗೊಳ್ಳದ ಏಷ್ಯಾ, ಆಫ್ರಿಕಾಗಳ ರಾಷ್ಟ್ರಗಳೂ ಇದರ ರಚನೆಯಲ್ಲಿ ಕುಳಿತು ಮಾತನಾಡಿದುವೆಂಬುದು ಇದರ ಹೆಚ್ಚುಗಾರಿಕೆ. ಭಾರತವೂ ಚರ್ಚೆಗಳಲ್ಲಿ ಭಾಗವಹಿಸಿತು.

ಆದರೆ ಮೊದಲು ಹೇಳಿದ ಲೇಖಕನನ್ನು ಇಲ್ಲಿ ಮತ್ತೆ ನೆನೆಯಬೇಕು. ಗಣಕಯಂತ್ರದ ಅಪರಾಧಗಳಿಗೆ ಮಾತ್ರವಲ್ಲದೆ, ನಾಲ್ಕು ವರ್ಷ ಅಥವಾ ಅದಕ್ಕೂ ಹೆಚ್ಚಿನ ಸೆರೆವಾಸ ವಿಧಿಸಬಹುದಾದ ಯಾವುದೇ ಗುರುತರ ಅಪರಾಧಕ್ಕೆ ಸಂಬಂಧಿಸಿದ ವಿದ್ಯುನ್ಮಾನ ಸಾಕ್ಷ್ಯವನ್ನೂ ರಾಷ್ಟ್ರಗಳು ಈ ಒಡಂಬಡಿಕೆಯ ಮೇರೆಗೆ ಪರಸ್ಪರ ಕೇಳಬಹುದು. ಕೆಲವು ದೇಶಗಳಲ್ಲಿ ಸರ್ಕಾರವನ್ನು ಟೀಕಿಸುವುದಕ್ಕೂ ನಾಲ್ಕು ವರ್ಷಗಳಿಗೆ ಮೇಲ್ಪಟ್ಟ ಶಿಕ್ಷೆಯಿದೆ. ಪತ್ರಕರ್ತರನ್ನೂ ಭಿನ್ನಮತೀಯರನ್ನೂ ಬೇಟೆಯಾಡಲು ಇದು ಹೊಸ ಬಲೆಯಾದೀತೆಂದು ಮಾನವ ಹಕ್ಕುಗಳ ಸಂಘಟನೆಗಳು ಹನೋಯ್ ಸಮಾರಂಭಕ್ಕೆ ಮೊದಲೇ ಎಚ್ಚರಿಸಿದವು. ಅದಕ್ಕೆ ಉತ್ತರವಾಗಿ ಒಡಂಬಡಿಕೆಯ ಬೆಂಬಲಿಗರು ಅದರಲ್ಲಿಯೇ ಇರುವ ಒಂದು ವಿಧಿಯನ್ನು ತೋರಿಸುತ್ತಾರೆ. ಒಬ್ಬನ ಜನಾಂಗ, ಭಾಷೆ, ಧರ್ಮ ಅಥವಾ ರಾಜಕೀಯ ಅಭಿಪ್ರಾಯದ ಕಾರಣದಿಂದ ಅವನನ್ನು ದಂಡಿಸುವುದಕ್ಕಾಗಿಯೇ ಕೋರಿಕೆ ಬಂದಿದೆಯೆಂದು ನಂಬಲು ಬಲವಾದ ಆಧಾರವಿದ್ದರೆ, ಕೋರಿಕೆ ಪಡೆದ ರಾಷ್ಟ್ರವು ನೆರವು ನೀಡಬೇಕಾಗಿಲ್ಲ. ಆ ಆಧಾರವು ಬಲವಾದದ್ದೇ ಅಲ್ಲವೆ ಎಂಬುದನ್ನು ತೂಗಬೇಕಾದವರು ಪ್ರತಿ ದೇಶದ ಕಚೇರಿಯಲ್ಲಿ ಕುಳಿತು, ಪರಭಾಷೆಯಿಂದ ಅನುವಾದವಾಗಿ ಬಂದ ಕಾಗದವನ್ನು ಓದುವ ಒಬ್ಬಿಬ್ಬರು ಅಧಿಕಾರಿಗಳು. ಅವರ ಮೇಜಿನ ಮೇಲೆ ಹಾಸನದ ಶಿಕ್ಷಕರ ಅರ್ಜಿಯೂ ಅದೇ ಕಟ್ಟಿನಲ್ಲಿ ಇರುತ್ತದೆ.